ಏಳನೇ ತಾರೀಖೋ, ಏಳನೇ ತಿಂಗಳೋ

ಇಂಗ್ಲಿಷಿನಲ್ಲಿ 06/07 ಎಂದು ಬರೆದ ದಿನಾಂಕ ಭಾರತದ ಓದುಗರಿಗೆ ಜುಲೈ 6, ಅಮೆರಿಕದವರಿಗೆ ಜೂನ್ 7. ಬ್ರಿಟನ್, ಭಾರತ, ಆಸ್ಟ್ರೇಲಿಯಾಗಳಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದಲ್ಲಿ ತಿಂಗಳು ಮೊದಲು. ಎರಡು ಕಡೆಯವರೂ ತಮ್ಮ ರೂಢಿಯಂತೆ ಸರಿಯಾಗಿಯೇ ಓದುತ್ತಾರೆ. ಹಾಗಾಗಿ ಅನುಮಾನ ಯಾರಿಗೂ ಬರುವುದಿಲ್ಲ, ತೊಡಕು ಇರುವುದೂ ಅಲ್ಲೇ. ದಿನದ ಅಂಕಿ 12ನ್ನು ದಾಟಿದರೆ ಚಿಂತೆಯಿಲ್ಲ, ಹದಿಮೂರನೇ ತಿಂಗಳು ಯಾವ ದೇಶದಲ್ಲೂ ಇಲ್ಲ. ಪ್ರತಿ ತಿಂಗಳ ಮೊದಲ ಹನ್ನೆರಡು ತಾರೀಖುಗಳದ್ದೇ ಪೇಚಾಟ. ಹನ್ನೆರಡು ತಿಂಗಳಿಗೆ ಅವು 144. ಅವುಗಳಲ್ಲಿ 5/5, 6/6ರಂಥ 12 ತಾರೀಖುಗಳನ್ನು ಹೇಗೆ ಓದಿದರೂ ಒಂದೇ. ಉಳಿದ 132 ತಾರೀಖುಗಳಿಗೆ, ಅಂದರೆ ವರ್ಷದ ಮೂರನೇ ಒಂದು ಪಾಲಿಗಿಂತ ಹೆಚ್ಚಿನವಕ್ಕೆ, ಎರಡೆರಡು ಅರ್ಥ.

ಚೆನ್ನೈನ ಕೋಡಂಬಾಕ್ಕಂನಲ್ಲಿರುವ ಒಂದು ಕನ್ನಡ ಮನೆಯಲ್ಲಿ ಈ ಮಾತು ಎದ್ದದ್ದು ಒಂದು ಪಟ್ಟಿಯ ನೆಪದಲ್ಲಿ. 1950 ಮತ್ತು 60ರ ದಶಕಗಳಲ್ಲಿ ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಆ ಕೆಲಸದ ಬೆನ್ನು ಹತ್ತಿ ಬಂದು ಇಲ್ಲೇ ಉಳಿದ ಕುಟುಂಬಗಳಲ್ಲಿ ಇದೂ ಒಂದು. ಎಂಬತ್ತು ದಾಟಿದ ಹಿರಿಯರು ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದವರು. ಅವರ ತಮ್ಮನ ಮಗಳು ಸಬ್‌ಟೈಟಲ್ ಕೆಲಸ ಮಾಡುವವಳು. ಹಳೆಯ ಕನ್ನಡ ಚಿತ್ರಗಳ ಪರಿಚಯ ಪಟ್ಟಿಯೊಂದನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸುತ್ತಿದ್ದಾಳೆ.

ಕಿರಿಯಳು: ದೊಡ್ಡಪ್ಪ, ಮೊದಲನೇ ಸಾಲಲ್ಲೇ ನಿಂತುಬಿಟ್ಟಿದ್ದೀನಿ. ‘ಬೇಡರ ಕಣ್ಣಪ್ಪ’ ಬಿಡುಗಡೆಯಾದ ದಿನ ಒಂದು ಕಡೆ 7/5/1954 ಅಂತಿದೆ, ಇನ್ನೊಂದು ಕಡೆ 5/7/1954. ಯಾವುದನ್ನ ನಂಬಲಿ?

ಹಿರಿಯರು: ಎರಡೂ ಒಂದೇ ದಿನ ಕಣಮ್ಮ, 1954ರ ಮೇ 7. ಎರಡನೆಯದನ್ನ ಬರೆದವರು ಅಮೆರಿಕದ ರೂಢಿಯಲ್ಲಿ ಬರೆದಿದ್ದಾರೆ. ಅನುಮಾನ ಬಂದಾಗ ವಾರ ನೋಡಬೇಕು. ಆ ಮೇ 7 ಶುಕ್ರವಾರ. ಜುಲೈ 5 ತೆಗೆದು ನೋಡು, ಸೋಮವಾರ. ಸಿನಿಮಾ ಬಿಡುಗಡೆ ಅಂದ್ರೆ ಸಾಮಾನ್ಯವಾಗಿ ಶುಕ್ರವಾರ ತಾನೆ?

ಕಿರಿಯಳು: ರಾಜ್‌ಕುಮಾರ್ ಅವರ ಜನ್ಮದಿನ 24/04/1929. ಅದನ್ನ ಯಾರೂ ತಪ್ಪು ಓದಲ್ಲ. ತೀರಿಕೊಂಡ ದಿನ 12/04/2006 ಅಂತ ಬರೆದರೆ?

ಹಿರಿಯರು: ಅಮೆರಿಕದಲ್ಲಿರೋ ಕನ್ನಡದ ಹುಡುಗ ಡಿಸೆಂಬರ್ 4 ಅಂತ ಓದ್ತಾನೆ. ಅಂಕಿಯಲ್ಲಿ ತಿಂಗಳು ಬರೆಯೋದನ್ನೇ ಬಿಡು. ತಿಂಗಳನ್ನ ಅಕ್ಷರದಲ್ಲಿ ಬರೆ, ವರ್ಷಕ್ಕೆ ನಾಲ್ಕೂ ಅಂಕಿ ಹಾಕು. ‘12 ಏಪ್ರಿಲ್ 2006’ ಅಂತ ಬರೆದರೂ ಸರಿ, ‘ಏಪ್ರಿಲ್ 12, 2006’ ಅಂತ ಬರೆದರೂ ಸರಿ, ಓದೋನಿಗೆ ಎರಡನೇ ದಾರಿ ಉಳಿಯಲ್ಲ.

ಬ್ರಿಟಿಷ್ ಕ್ರಮದಲ್ಲಿ ದಿನ, ತಿಂಗಳು, ವರ್ಷಗಳ ನಡುವೆ ಅಲ್ಪವಿರಾಮ ಬೇಡ. ಅಮೆರಿಕದ ಕ್ರಮದಲ್ಲಿ ದಿನ ಮತ್ತು ವರ್ಷ ಎಂಬ ಎರಡು ಅಂಕಿಗಳು ಪಕ್ಕಪಕ್ಕ ಬೀಳುವುದರಿಂದ ನಡುವೆ ಅಲ್ಪವಿರಾಮ ಬೇಕು. ವಾಕ್ಯ ಮುಂದುವರಿದರೆ ವರ್ಷದ ನಂತರವೂ ಒಂದು. ಓದುವಾಗ ‘ದಿ ಸೆವೆಂತ್ ಆಫ್ ಮೇ’ ಎನ್ನುತ್ತಾರೆ, ಬರೆಯುವಾಗ ‘ದಿ’, ‘ಆಫ್’ ಎರಡೂ ಬೇಕಿಲ್ಲ. ಅಂಕಿಗೆ ಬಾಲ ಹಚ್ಚುವವರು 1, 2, 3ಕ್ಕೆ ಎಸ್‌ಟಿ, ಎನ್‌ಡಿ, ಆರ್‌ಡಿ ಹಾಕಬೇಕು. 21, 22, 23ಕ್ಕೂ 31ಕ್ಕೂ ಅದೇ ಕ್ರಮ. ಆದರೆ 11, 12, 13ಕ್ಕೆ ಟಿಎಚ್. ಬಾಲವನ್ನೇ ಬಿಟ್ಟರೆ ಈ ತಪ್ಪಿಗೆ ಜಾಗವೇ ಇರದು.

ಅಂಕಿಯಲ್ಲೇ ಬರೆಯಬೇಕಾದ ಕಡೆಗಾಗಿ ಒಂದು ಅಂತರರಾಷ್ಟ್ರೀಯ ಕ್ರಮವಿದೆ. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಎಂಬ ಮಾನಕದ ಪ್ರಕಾರ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ: 1954-05-07. ಕಂಪ್ಯೂಟರಿನಲ್ಲಿ ಕಡತಗಳ ಹೆಸರಿಗೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ, ಹೆಸರಿನ ಪ್ರಕಾರ ಜೋಡಿಸಿದರೆ ಕಾಲದ ಪ್ರಕಾರವೂ ತಾನಾಗಿ ಜೋಡಣೆಯಾಗುತ್ತದೆ. ದಿನ ಮೊದಲು ಬರೆದ ಕಡತಗಳಾದರೋ ಎಲ್ಲ ತಿಂಗಳ ಒಂದನೇ ತಾರೀಖಿನವು ಒಂದೆಡೆ, ಎರಡನೇ ತಾರೀಖಿನವು ಇನ್ನೊಂದೆಡೆ ಗುಂಪುಗೂಡುತ್ತವೆ. ಈ ಕ್ರಮದಲ್ಲೂ ಒಂದು ಎಚ್ಚರ ಬೇಕು. 2001-02 ಎಂದಷ್ಟೇ ಬರೆದರೆ ಅದು 2001ರ ಫೆಬ್ರವರಿಯೂ ಆಗಬಹುದು, ನಮ್ಮ ಲೆಕ್ಕಪತ್ರದ ಆರ್ಥಿಕ ವರ್ಷವೂ ಆಗಬಹುದು.

ಕಿರಿಯಳು: ವರ್ಷಕ್ಕೆ ಎರಡೇ ಅಂಕಿ ಹಾಕಿದ್ರೆ ಏನು ಮಹಾ ನಷ್ಟ? ‘54’ ಅಂದ್ರೆ 1954 ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ.

ಹಿರಿಯರು: ಇವತ್ತು ನಮಗೆ ಗೊತ್ತಾಗುತ್ತೆ. 05-06-07 ಅನ್ನೋದನ್ನ ಬಿಡಿಸು ನೋಡೋಣ. ಮೂರರಲ್ಲಿ ಯಾವುದು ವರ್ಷ? ಹಣದ ವಿಷಯಕ್ಕೆ ಬಂದ್ರೆ ಇನ್ನೂ ಅಪಾಯ. 2020ನೇ ಇಸವಿಯಲ್ಲಿ ಕಾಗದದ ಮೇಲೆ ‘31/1/20’ ಅಂತ ಬರೆದಿದ್ದರೆ, ಮುಂದೆ ಎರಡು ಅಂಕಿ ಸೇರಿಸಿ 2019 ಮಾಡಬಹುದಿತ್ತು, 2021ನೂ ಮಾಡಬಹುದಿತ್ತು. ಈಗಿನ ಚೆಕ್ಕಿನಲ್ಲಿ ದಿನಕ್ಕೆ ಎರಡು, ತಿಂಗಳಿಗೆ ಎರಡು, ವರ್ಷಕ್ಕೆ ನಾಲ್ಕು ಅಂತ ಚೌಕ ಅಚ್ಚು ಹಾಕಿಸಿರೋದು ಸುಮ್ಮನೆ ಅಲ್ಲ.

ದಿನಾಂಕ ಬರೆಯುವುದರಲ್ಲಿ ತಪ್ಪಿದರೆ ದಾಖಲೆ ಕೆಡುತ್ತದೆ. ಗಡುವು ಬರೆಯುವುದರಲ್ಲಿ ತಪ್ಪಿದರೆ ಕೆಲಸ ಕೆಡುತ್ತದೆ. ಈ ಕಿರಿಯಳಿಗೆ ಅದರ ಅನುಭವ ಆಗಿದೆ.

ಕಿರಿಯಳು: ಹೋದ ವರ್ಷ ಒಂದು ವಿದೇಶಿ ಸಂಸ್ಥೆಗೆ ಸಬ್‌ಟೈಟಲ್ ಮಾಡಿಕೊಡಬೇಕಿತ್ತು. ಪತ್ರದಲ್ಲಿ ‘ಡ್ಯೂ ಬೈ 06/07’ ಅಂತಿತ್ತು. ಜುಲೈ 6 ಅಂದ್ಕೊಂಡು ನಿಧಾನಕ್ಕೆ ಕೂತು ಮಾಡ್ತಿದ್ದೆ. ಜೂನ್ 8ನೇ ತಾರೀಖು ಬೆಳಿಗ್ಗೆ ಮೇಲ್ ಬಂತು, ಫೈಲ್ ಎಲ್ಲಿ ಅಂತ.

ಹಿರಿಯರು: ನೀನು ಒಪ್ಪಿಕೊಂಡ ದಿನವೇ ‘6 ಜುಲೈಗೆ ಕೊಡ್ತೀನಿ’ ಅಂತ ಅಕ್ಷರದಲ್ಲಿ ತಿರುಗಿ ಬರೆದಿದ್ದರೆ ಅವತ್ತೇ ಗೊತ್ತಾಗ್ತಿತ್ತು. ಹೀರೋ ಡೇಟ್ ಕೊಟ್ಟಾಗ ನಾವು ಹಾಗೇ ಮಾಡ್ತಿದ್ವಿ. ಬಾಯಲ್ಲಿ ಹೇಳಿದ್ದನ್ನ ತಾರೀಖು, ತಿಂಗಳು, ವಾರ ಹಾಕಿ ಬರೆದು, ಅವರ ಮನೆಗೆ ಕಳಿಸಿ, ಒಪ್ಪಿಗೆ ತರಿಸಿಕೊಳ್ತಿದ್ವಿ.

ಸಿನಿಮಾ ಮಂದಿಯ ಬಾಯಲ್ಲಿ ‘ಡೇಟ್’ ಎಂದರೆ ಕ್ಯಾಲೆಂಡರಿನ ತಾರೀಖು ಮಾತ್ರವಲ್ಲ, ಕಲಾವಿದರು ಒಂದು ಚಿತ್ರಕ್ಕೆಂದು ಬಿಟ್ಟುಕೊಟ್ಟ ದಿನಗಳು. ಅವನ್ನು ದಿನದಿನಕ್ಕೆ, ಗಂಟೆಗಂಟೆಗೆ ಇಳಿಸಿದ್ದು ಕಾಲ್‌ಶೀಟ್. ಹಿರಿಯರ ಬಳಿ ಹಳೆಯ ಕಾಲ್‌ಶೀಟ್ ಪುಸ್ತಕವೊಂದಿದೆ, ಅಂಚು ಹಳದಿಗಟ್ಟಿದ ಗೀಟು ಹಾಳೆಯದು. ಅದರ ಒಂದು ಪುಟದಲ್ಲಿ ‘10ರಿಂದ 15, 6 ದಿನ’ ಎಂದು ನೀಲಿ ಶಾಯಿಯಲ್ಲಿದೆ, 6ರ ಸುತ್ತ ಕೆಂಪು ಗೆರೆ.

ಕಿರಿಯಳು: ಹದಿನೈದರಲ್ಲಿ ಹತ್ತು ಕಳೆದರೆ ಐದಲ್ವಾ?

ಹಿರಿಯರು: ಕಳೆದರೆ ಐದು, ಬೆರಳು ಮಡಿಸಿ ಎಣಿಸಿದರೆ ಆರು. ಶೂಟಿಂಗ್ ಆರು ದಿನ, ಲಾಡ್ಜಿನಲ್ಲಿ ಮಲಗೋ ರಾತ್ರಿ ಐದು. ಎರಡೂ ಲೆಕ್ಕ ಬೇರೆ ಅಂತ ತಿಳಿಯದೆ ಒಂದು ದಿನದ ಕೂಲಿ, ಊಟ, ಕ್ಯಾಮೆರಾ ಬಾಡಿಗೆ ಎಲ್ಲ ಮೈಮೇಲೆ ಎಳ್ಕೊಂಡವರು ಇದ್ದಾರೆ. ಅದಕ್ಕೇ ಮೊದಲ ದಿನ, ಕೊನೇ ದಿನ, ಒಟ್ಟು ದಿನ ಮೂರನ್ನೂ ಬರೆಯೋದು. ಒಂದು ತಪ್ಪಿದ್ರೆ ಇನ್ನೆರಡು ಹಿಡಿದುಕೊಡುತ್ತವೆ.

ಕೊನೆಯ ದಿನವೂ ಸೇರಿದೆ ಎಂದು ಸಾರುವ ಪದ ಅಮೆರಿಕದ ಇಂಗ್ಲಿಷಿನಲ್ಲಿದೆ: ‘ಮಂಡೇ ಥ್ರೂ ಫ್ರೈಡೇ’ ಎಂದರೆ ಶುಕ್ರವಾರವೂ ಲೆಕ್ಕಕ್ಕಿದೆ. ನಮ್ಮ ಇಂಗ್ಲಿಷಿನಲ್ಲಿ ‘ಬೋತ್ ಡೇಸ್ ಇನ್‌ಕ್ಲೂಸಿವ್’ ಎಂದು ಸೇರಿಸುವುದು ರೂಢಿ. ಅದು ಹಳೆಯ ಕಚೇರಿ ಭಾಷೆಯಂತೆ ಕೇಳಿಸಿದರೂ ಬಿಡಬೇಕಾಗಿಲ್ಲ.

ಕನ್ನಡಿಗರು ಗಡುವನ್ನು ಇಂಗ್ಲಿಷಿಗೆ ತರುವಾಗ ಎಡವುವುದಕ್ಕೆ ಕನ್ನಡದ ಎರಡು ಪದಗಳು ಕಾರಣ, ‘ಒಳಗೆ’ ಮತ್ತು ‘ತನಕ’. ‘ಶುಕ್ರವಾರದೊಳಗೆ’ ಎಂಬುದನ್ನು ನೇರವಾಗಿ ಎತ್ತಿಟ್ಟು ‘ವಿದಿನ್ ಫ್ರೈಡೇ’ ಎಂದು ಬರೆಯುವವರು ಬಹಳ. ಆದರೆ ಇಂಗ್ಲಿಷಿನ ‘ವಿದಿನ್’ ನಂತರ ಬರಬೇಕಾದದ್ದು ಅವಧಿ: ‘ವಿದಿನ್ ತ್ರೀ ಡೇಸ್’. ದಿನದ ಹೆಸರಿಗೆ ‘ಬೈ’ ಬೇಕು. ‘ಬೈ ಫ್ರೈಡೇ’ ಎಂದರೆ ಶುಕ್ರವಾರ ಕೊಟ್ಟರೂ ಆಯಿತು, ‘ಬಿಫೋರ್ ಫ್ರೈಡೇ’ ಎಂದರೆ ಗುರುವಾರವೇ ಕೊನೆ. ಕನ್ನಡದ ‘ಒಳಗೆ’ ಈ ಮೂರನ್ನೂ ಹೊರುತ್ತದೆ. ಹಾಗೆಯೇ ‘ತನಕ’ ಎಂಬುದು ‘ಬೈ’, ‘ಅನ್‌ಟಿಲ್’ ಎರಡಕ್ಕೂ ಸಲ್ಲುತ್ತದೆ. ಶುಕ್ರವಾರದ ತನಕ ಕೆಲಸ ನಡೆಯುತ್ತಲೇ ಇರುತ್ತದೆ ಎಂದಾದರೆ ‘ಅನ್‌ಟಿಲ್’. ಶುಕ್ರವಾರ ಕೆಲಸ ಮುಗಿದಿರುತ್ತದೆ ಎಂದಾದರೆ ‘ಬೈ’.

ಕಿರಿಯಳು: ‘ಫಿಫ್ಟೀನ್ ಡೇಸ್ ಫ್ರಮ್ ಟುಡೇ’ ಅಂದ್ರೆ ಇವತ್ತನ್ನ ಸೇರಿಸಿ ಎಣಿಸಬೇಕಾ?

ಹಿರಿಯರು: ಮನೇಲಿ ನಾವು ಸೇರಿಸೇ ಎಣಿಸೋದು. ಮಗು ಹುಟ್ಟಿದ ದಿನವೇ ಒಂದನೇ ದಿನ, ಹನ್ನೊಂದಕ್ಕೆ ನಾಮಕರಣ. ಕಾನೂನು ಹಾಗಲ್ಲ.

ಕೇಂದ್ರ ಕಾನೂನುಗಳನ್ನು ಓದುವ ಕ್ರಮ ಹೇಳುವ 1897ರ ಜನರಲ್ ಕ್ಲಾಸಸ್ ಆಕ್ಟ್ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದೆ. ಅದರ 9ನೇ ಕಲಮಿನಂತೆ ‘ಫ್ರಮ್’ ಎಂಬ ಪದ ಬಳಸಿದರೆ ಮೊದಲ ದಿನ ಲೆಕ್ಕಕ್ಕಿಲ್ಲ, ‘ಟು’ ಎಂದರೆ ಕೊನೆಯ ದಿನ ಲೆಕ್ಕಕ್ಕಿದೆ. ನೋಟೀಸು ಜೂನ್ 1ಕ್ಕೆ ಕೈಸೇರಿ ಹದಿನೈದು ದಿನದ ಗಡುವಿದ್ದರೆ ಎಣಿಕೆ ಜೂನ್ 2ರಿಂದ ಶುರು, ಕೊನೆಯ ದಿನ ಜೂನ್ 16. ಆ ದಿನ ಕಚೇರಿ ಅಥವಾ ಕೋರ್ಟು ಮುಚ್ಚಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಿದರೂ ಸಮಯಕ್ಕೆ ಸಲ್ಲಿಸಿದಂತೆ, ಎನ್ನುತ್ತದೆ 10ನೇ ಕಲಮು. ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳೇ ಹೊರತು 30 ದಿನವಲ್ಲ. ಮೂರು ತಿಂಗಳೆಂದರೆ ಜೂನ್ 15ರಿಂದ ಸೆಪ್ಟೆಂಬರ್ 15ಕ್ಕೆ 92 ದಿನ, ಅಧಿಕ ವರ್ಷವಲ್ಲದಾಗ ಜನವರಿ 15ರಿಂದ ಏಪ್ರಿಲ್ 15ಕ್ಕೆ 90. ಚೆಕ್ಕಿನ ಆಯಸ್ಸು 2012ರ ಏಪ್ರಿಲ್ 1ರಿಂದ ಆರು ತಿಂಗಳಿಂದ ಮೂರಕ್ಕೆ ಇಳಿದ ಮೇಲೆ ಈ ಎರಡು ದಿನದ ಅಂತರಕ್ಕೂ ಬೆಲೆ ಬಂದಿದೆ. ರೈಲ್ವೆಯವರು ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿಸಿದಾಗ ‘ಪ್ರಯಾಣದ ದಿನ ಬಿಟ್ಟು’ ಎಂದು ಸ್ಪಷ್ಟವಾಗಿ ಸೇರಿಸಿದ್ದರು. ಆ ಮೂರು ಪದ ಇಲ್ಲದಿದ್ದರೆ ಕೌಂಟರಿನ ಮುಂದೆ ಎಷ್ಟೋ ಜನ ಒಂದು ದಿನ ತಡವಾಗಿ ಬಂದು ನಿಲ್ಲುತ್ತಿದ್ದರು.

ಕಿರಿಯಳು: ತಾರೀಖು ಸರಿಯಿದ್ರೂ ಗಂಟೆಯಲ್ಲಿ ಸಿಕ್ಕಿಬೀಳ್ತೀವಲ್ಲ ದೊಡ್ಡಪ್ಪ. ‘ಮಿಡ್‌ನೈಟ್ ಆಫ್ 15 ಜೂನ್’ ಅಂದ್ರೆ 14ರ ರಾತ್ರಿ ಮುಗಿಯೋದಾ, 15ರ ರಾತ್ರಿ ಮುಗಿಯೋದಾ?

ಹಿರಿಯರು: ನಮ್ಮ ಪಂಚಾಂಗದಲ್ಲಿ ದಿನ ಹುಟ್ಟೋದು ಸೂರ್ಯೋದಯಕ್ಕೆ, ಇಂಗ್ಲಿಷ್ ತಾರೀಖು ಹುಟ್ಟೋದು ನಡುರಾತ್ರಿಗೆ. ಹಾಗಾಗಿ ಬೆಳಗಿನ ಜಾವ ಎರಡು ಗಂಟೆಗೂ ನಮಗೆ ಅದು ನಿನ್ನೆಯ ರಾತ್ರಿಯೇ. ರಾತ್ರಿ ಶೂಟಿಂಗ್ ಇದ್ದಾಗ ಪುಸ್ತಕದಲ್ಲಿ ‘14/15 ರಾತ್ರಿ’ ಅಂತ ಎರಡೂ ತಾರೀಖು ಬರೀತಿದ್ದೆ. ಮೇಕಪ್‌ನವನು ಬರೋದು 14ಕ್ಕೆ, ವ್ಯಾನು ಮನೆಗೆ ಬಿಡೋದು 15ಕ್ಕೆ.

ರಾತ್ರಿ 12:15ಕ್ಕೆ ಹೊರಡುವ ರೈಲಿಗೆ ಹಿಂದಿನ ದಿನದ ಟಿಕೆಟ್ ತೆಗೆದು, ತಮ್ಮ ರೈಲು ಒಂದು ದಿನದ ಹಿಂದೆಯೇ ಹೋಯಿತೆಂದು ಪ್ಲಾಟ್‌ಫಾರ್ಮಿನಲ್ಲಿ ತಿಳಿಯುವವರು ಬೀಳುವುದೂ ಇದೇ ಹಳ್ಳಕ್ಕೆ. 12 ಎ.ಎಂ., 12 ಪಿ.ಎಂ. ಎಂಬ ಬರಹ ಯಾವುದು ನಡುಹಗಲು, ಯಾವುದು ನಡುರಾತ್ರಿ ಎಂಬ ಪ್ರಶ್ನೆಯನ್ನೂ ಹೊತ್ತು ತರುತ್ತದೆ. ಗಡುವನ್ನು ರಾತ್ರಿ 11:59 ಎಂದೋ, 24 ಗಂಟೆಯ ಲೆಕ್ಕದಲ್ಲಿ 23:59 ಎಂದೋ ಇಟ್ಟರೆ ಎರಡು ತೊಡಕೂ ಒಟ್ಟಿಗೆ ಕಳೆಯುತ್ತವೆ.

ದೂರದೇಶದ ಗಡುವಾದರೆ ಯಾವ ಊರಿನ ಗಂಟೆ ಎಂಬುದೂ ಬೇಕು. ಲಾಸ್ ಏಂಜಲೀಸ್‌ನಲ್ಲಿ ಜೂನ್ ತಿಂಗಳ ಶುಕ್ರವಾರ ಸಂಜೆ 5 ಗಂಟೆ ಎಂದರೆ ಕೋಡಂಬಾಕ್ಕಂನಲ್ಲಿ ಶನಿವಾರ ಬೆಳಗಿನ 5:30. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದರಿಂದ ಇಲ್ಲಿ 6:30. ಐ.ಎಸ್.ಟಿ. ಎಂಬ ಮೂರಕ್ಷರ ಸಾಲದು, ಐರ್ಲೆಂಡಿನವರೂ ಇಸ್ರೇಲಿನವರೂ ಅದೇ ಅಕ್ಷರ ಬಳಸುತ್ತಾರೆ. ಊರಿನ ಹೆಸರು ಬರೆಯುವುದು ಕ್ಷೇಮ. ಒಂದೇ ದೇಶದೊಳಗೂ ಹಿಂದೆ ಇದೇ ಪಾಡಿತ್ತು. ಕೋಡಂಬಾಕ್ಕಂನಿಂದ ಬೀಚ್ ಕಡೆಗೆ ಹೋಗುವ ರೈಲಿಗೆ ಮುಂದಿನ ನಿಲ್ದಾಣ ನುಂಗಂಬಾಕ್ಕಂ. ಅಲ್ಲಿ 1792ರಲ್ಲಿ ಎದ್ದ ಮದರಾಸು ಖಗೋಳ ವೀಕ್ಷಣಾಲಯದಲ್ಲಿ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಲೆಕ್ಕ ಹಾಕಿದ ‘ಮದರಾಸು ಸಮಯ’ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದಿತ್ತು, ರೈಲುಗಳು ಅದನ್ನು ಅನುಸರಿಸುತ್ತಿದ್ದವು. ಐದೂವರೆ ಗಂಟೆಯ ಭಾರತೀಯ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ಕ್ಕೆ.

ಕಿರಿಯಳು: ಇನ್ನೊಂದು ಪೀಡೆ ಇದೆ. ನಿಮ್ಮ ಪುಸ್ತಕದಲ್ಲಿ ಅಂಟಿಸಿರೋ ಜಾಹೀರಾತು ನೋಡಿ. ‘ಬರುವ ಶುಕ್ರವಾರದಿಂದ’ ಅಂತಿದೆ, ಪತ್ರಿಕೆಯ ತಾರೀಖು ಕತ್ತರಿಸಿ ಹೋಗಿದೆ.

ಹಿರಿಯರು: ಅವತ್ತು ಓದೋರಿಗೆ ಅಷ್ಟೇ ಸಾಕಿತ್ತು. ಕತ್ತರಿಸಿ ಅಂಟಿಸಿದವನು ನಾನು. ತಾರೀಖನ್ನ ಪಕ್ಕದಲ್ಲಿ ಬರೆದಿಡಬೇಕಿತ್ತು, ಬರೆಯಲಿಲ್ಲ.

ಟುಡೇ, ಟುಮಾರೋ, ನೆಕ್ಸ್ಟ್ ಫ್ರೈಡೇ, ರೀಸೆಂಟ್ಲಿ ಇವೆಲ್ಲ ಬರೆದ ದಿನಕ್ಕೆ ಕಟ್ಟಿದ ಪದಗಳು. ಆ ದಿನ ಅಳಿಸಿದರೆ ಅವುಗಳ ಅರ್ಥವೂ ಅಳಿಸುತ್ತದೆ. ‘ನೆಕ್ಸ್ಟ್ ಫ್ರೈಡೇ’ಗೆ ಬರೆದ ದಿನವೇ ಎರಡರ್ಥ: ಮಂಗಳವಾರ ಹೇಳಿದರೆ ಕೆಲವರಿಗೆ ಅದು ಮೂರು ದಿನ, ಕೆಲವರಿಗೆ ಹತ್ತು ದಿನ. ‘ಬೈಮಂತ್ಲಿ’ ಎಂದರೆ ತಿಂಗಳಿಗೆರಡು ಸಲವೋ ಎರಡು ತಿಂಗಳಿಗೊಮ್ಮೆಯೋ, ನಿಘಂಟುಗಳೇ ಎರಡನ್ನೂ ಕೊಡುತ್ತವೆ. ‘ಫೋರ್ಟ್‌ನೈಟ್’ ಎಂದರೆ 14 ರಾತ್ರಿ, ನಾವು ಅದನ್ನು ‘ಹದಿನೈದು ದಿನ’ ಎನ್ನುತ್ತೇವೆ. ಹಳೆಯ ಕಚೇರಿ ಪತ್ರಗಳಲ್ಲಿ ಈ ತಿಂಗಳಿಗೆ ‘ಇನ್‌ಸ್ಟೆಂಟ್’, ಹೋದ ತಿಂಗಳಿಗೆ ‘ಅಲ್ಟಿಮೋ’, ಬರುವ ತಿಂಗಳಿಗೆ ‘ಪ್ರಾಕ್ಸಿಮೋ’ ಎಂಬ ಪದಗಳಿದ್ದವು. ಅವು ಬಳಕೆಯಿಂದ ಬಿದ್ದುಹೋದದ್ದು ಒಳ್ಳೆಯದೇ ಆಯಿತು.

ಪಟ್ಟಿಯಲ್ಲಿ ವರ್ಷ ಬರೆಯುವಾಗಲೂ ಯಾವುದರ ವರ್ಷ ಎಂದು ಹೇಳಬೇಕಾಗುತ್ತದೆ. ‘ಬೇಡರ ಕಣ್ಣಪ್ಪ’ಕ್ಕೆ ರಾಷ್ಟ್ರೀಯ ಪುರಸ್ಕಾರದ ಮೆಚ್ಚುಗೆ ಪತ್ರ ಸಿಕ್ಕಿದ್ದು 1954ರ ಚಿತ್ರಗಳ ಸಾಲಿನಲ್ಲಿ, ಆ ಪುರಸ್ಕಾರಗಳನ್ನು ಕೊಟ್ಟದ್ದು 1955ರ ಡಿಸೆಂಬರಿನಲ್ಲಿ. ಒಂದೇ ಪುರಸ್ಕಾರವನ್ನು ಒಂದು ಪುಸ್ತಕ 1954 ಎಂದು, ಇನ್ನೊಂದು 1955 ಎಂದು ಬರೆದರೆ ಓದುಗರಿಗೆ ಎರಡು ಪುರಸ್ಕಾರಗಳಂತೆ ಕಾಣುತ್ತದೆ.

ಕಿರಿಯಳು: ಶತಮಾನದ್ದು ನನಗೆ ಯಾವಾಗಲೂ ತಿರುವುಮುರುವು. ‘ರಣಧೀರ ಕಂಠೀರವ’ ಚಿತ್ರದ ದೊರೆ ಆಳಿದ್ದು 1638ರಿಂದ 1659. ಬೆರಳು ತಾನಾಗೇ ‘ಸಿಕ್ಸ್ಟೀನ್ತ್ ಸೆಂಚುರಿ’ ಅಂತ ಟೈಪ್ ಮಾಡುತ್ತೆ.

ಹಿರಿಯರು: ನಿನ್ನ ತಮ್ಮನ ಮಗನಿಗೆ ಎಷ್ಟು ವಯಸ್ಸು?

ಕಿರಿಯಳು: ಹತ್ತು ತುಂಬಿ ಹನ್ನೊಂದು ನಡೀತಿದೆ.

ಹಿರಿಯರು: ಅಷ್ಟೇ. 1638ಕ್ಕೆ ಹದಿನಾರು ಶತಮಾನ ತುಂಬಿ ಹದಿನೇಳನೆಯದು ನಡೀತಿತ್ತು. ಅಂಕಿಯಲ್ಲಿ ಕಾಣೋದು ತುಂಬಿದ್ದು, ಶತಮಾನದ ಹೆಸರು ನಡೆಯುತ್ತಿರುವುದರದ್ದು. ಕಿತ್ತೂರು ಚೆನ್ನಮ್ಮ ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದು 1824, ಹದಿನೆಂಟು ತುಂಬಿತ್ತು, ಅಂದ್ರೆ ಹತ್ತೊಂಬತ್ತನೇ ಶತಮಾನ.

ಕಿರಿಯಳು: ಹಾಗಾದ್ರೆ 1900?

ಹಿರಿಯರು: ಅದು ಹತ್ತೊಂಬತ್ತು ತುಂಬುತ್ತಿರೋ ವರ್ಷ. ಡಿಸೆಂಬರ್ 31 ಕಳೆಯದೆ ತುಂಬಲಿಲ್ಲ.

ಕ್ರಿಸ್ತಶಕದ ಎಣಿಕೆಯಲ್ಲಿ ಸೊನ್ನೆಯ ವರ್ಷವಿಲ್ಲ, ಮೊದಲ ಶತಮಾನ ಶುರುವಾಗುವುದು 1ನೇ ವರ್ಷದಿಂದ. ಆದ್ದರಿಂದ ಅದು ಮುಗಿಯುವುದು 100ಕ್ಕೆ, ಹತ್ತೊಂಬತ್ತನೆಯದು ಮುಗಿಯುವುದು 1900ಕ್ಕೆ. 2000ದ ಜನವರಿ 1ರಂದು ಲೋಕವೆಲ್ಲ ಹೊಸ ಶತಮಾನವನ್ನು ಸ್ವಾಗತಿಸಿದರೂ ಎಣಿಕೆಯ ಪ್ರಕಾರ ಇಪ್ಪತ್ತೊಂದನೆಯದು ಹುಟ್ಟಿದ್ದು 2001ರ ಜನವರಿ 1ಕ್ಕೆ. ಕ್ರಿಸ್ತಪೂರ್ವದಲ್ಲೂ ಇದೇ ಸೂತ್ರ, ಎಣಿಕೆ ಮಾತ್ರ ಹಿಂದು ಮುಂದು: ಮಸ್ಕಿ, ಬ್ರಹ್ಮಗಿರಿಗಳ ಅಶೋಕನ ಶಾಸನಗಳು ಕ್ರಿ.ಪೂ. ಮೂರನೇ ಶತಮಾನದವು, ಅಂದರೆ ಕ್ರಿ.ಪೂ. 300ರಿಂದ 201ರ ನಡುವಿನವು. ಇಂಗ್ಲಿಷಿನಲ್ಲಿ ಎ.ಡಿ. ವರ್ಷಕ್ಕೆ ಮೊದಲು ಬರುವುದು ಸಂಪ್ರದಾಯ, ಬಿ.ಸಿ. ವರ್ಷದ ನಂತರ. ಈಚಿನ ಸಿ.ಇ., ಬಿ.ಸಿ.ಇ. ಎರಡೂ ನಂತರವೇ. ‘1500ಸ್’ ಎಂದು ಬರೆದರೆ ಕೃಷ್ಣದೇವರಾಯ ಆಳಿದ 1509ರಿಂದ 1529ರ ಕಾಲ ಅದರೊಳಗೆ ಬರುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ, ಏಕೆಂದರೆ ಕೆಲವರಿಗೆ ಅದು ನೂರು ವರ್ಷ, ಕೆಲವರಿಗೆ ‘1950ಸ್’ ಇದ್ದಂತೆ ಬರೀ ಹತ್ತು ವರ್ಷ. ‘ಸಿಕ್ಸ್ಟೀನ್ತ್ ಸೆಂಚುರಿ’ ಎಂದರೆ ಆ ಪ್ರಶ್ನೆಯೇ ಏಳದು. ‘ಟರ್ನ್ ಆಫ್ ದಿ ಸೆಂಚುರಿ’ ಎಂಬ ಮಾತು ಯಾವ ಶತಮಾನದ ಯಾವ ತುದಿ ಎಂದು ಹೇಳುವುದೇ ಇಲ್ಲ.

ತುಂಬಿದ್ದು, ನಡೆಯುತ್ತಿರುವುದು ಎಂಬ ಭೇದ ನಮ್ಮ ಶಾಸನಗಳಲ್ಲೂ ಉಂಟು. ಗತವರ್ಷ, ವರ್ತಮಾನ ವರ್ಷ ಎಂಬುದು ಅಲ್ಲಿನ ಮಾತು. ಗತ ಶಕವರ್ಷಕ್ಕೆ 78 ಕೂಡಿಸಿದರೆ ಇಂಗ್ಲಿಷ್ ವರ್ಷ, ವರ್ತಮಾನ ವರ್ಷವಾದರೆ 77. ಶಕವರ್ಷ ಯುಗಾದಿಗೆ ಶುರುವಾಗುವುದರಿಂದ ಜನವರಿ, ಫೆಬ್ರವರಿಗಳಲ್ಲಿ ಬೀಳುವ ದಿನಗಳಿಗೆ ಇನ್ನೊಂದು ಸೇರಿಸಬೇಕು. ಯುಗಾದಿಯೇ ಊರಿಗೊಂದು ಬಗೆ. 2025ರಲ್ಲಿ ಈ ಮನೆಗೆ ವಿಶ್ವಾವಸು ಸಂವತ್ಸರ ಬಂದದ್ದು ಮಾರ್ಚ್ 30ಕ್ಕೆ, ಪಕ್ಕದ ತಮಿಳರ ಮನೆಗೆ ಏಪ್ರಿಲ್ 14ಕ್ಕೆ. ನಡುವಿನ ಹದಿನೈದು ದಿನ ಗೋಡೆಯ ಆಚೆ ಇನ್ನೂ ಕ್ರೋಧಿಯೇ ಇತ್ತು.

ಕಿರಿಯಳು: ಕೊನೇ ಸಾಲು, ‘ಇಮ್ಮಡಿ ಪುಲಿಕೇಶಿ’. ಚಿತ್ರ 1967ರದ್ದು. ಟಿಪ್ಪಣಿಯಲ್ಲಿ ಐಹೊಳೆ ಶಾಸನದ ವರ್ಷ ಹಾಕಬೇಕು. ಶಕ 556 ಅಂತಿದೆ.

ಹಿರಿಯರು: ಶಾಸನ ಬರೆದ ರವಿಕೀರ್ತಿ ಅದನ್ನ ‘ಕಳೆದ ಮೇಲೆ’ ಅಂತ ಹೇಳಿದ್ದಾನೆ. ತುಂಬಿದ ಲೆಕ್ಕ.

ಕಿರಿಯಳು: ಹಾಗಿದ್ರೆ 78 ಕೂಡಿಸಿ 634. ಆದ್ರೆ ಆ ಶಕವರ್ಷ ಮುಂದಿನ ಮಾರ್ಚ್‌ವರೆಗೂ ಚಾಚುತ್ತಲ್ಲ. ತಿಂಗಳು ತಿಳಿಯದೆ 634 ಅಂತಷ್ಟೇ ಬರೆದರೆ ತಪ್ಪಾಗಬಹುದು.

ಹಿರಿಯರು: 634–35 ಅಂತ ಬರೆ. ಮುಂದೆ ಸಿ.ಇ. ಹಾಕು. ಶತಮಾನ?

ಕಿರಿಯಳು: ಆರು ತುಂಬಿ, ಏಳನೆಯದು.